ಹಳೆಯ ಹಡಗುಗಳ ಪರೀಕ್ಷಾಪಟ್ಟಿಕೆಯ ಪರಿಭಾಷೆ

ಪೇಟೆಯಲ್ಲಿ ಒಳ್ಳೆಯ ಸರಕನ್ನು ಹೊಗಳುವಾಗ ‘ಎ ಒನ್ ಮಾಲು’ ಎನ್ನುವುದು ನಮ್ಮಲ್ಲಿ ವಾಡಿಕೆ. ಬೇಕರಿ, ಹೊಲಿಗೆಯಂಗಡಿ, ಗ್ಯಾರೇಜುಗಳ ನಾಮಫಲಕಗಳ ಮೇಲೆಯೂ ಈ ಮಾತು ರಾರಾಜಿಸುತ್ತಿರುವುದನ್ನು ವಾಚಕರು ಕಂಡೇ ಇರುವರು. ಇಂಗ್ಲಿಷ್ ಬಾರದವರ ಬಾಯಲ್ಲಿಯೂ ಸಲೀಸಾಗಿ ಓಡಾಡುವ ಈ ಮಾತು ಹುಟ್ಟಿದುದು ಪೇಟೆಯಲ್ಲಲ್ಲ, ಹಡಗುಗಳ ಪರೀಕ್ಷೆಯ ಪುಸ್ತಕದಲ್ಲಿ. ಅಲ್ಲಿ ‘ಎ’ ಎಂಬ ಅಕ್ಷರಕ್ಕೂ ‘೧’ ಎಂಬ ಅಂಕಿಗೂ ಬೇರೆ ಬೇರೆ ಅರ್ಥವಿದ್ದಿತು. ಅಕ್ಷರವು ಹಡಗಿನ ಒಡಲನ್ನು ಕುರಿತದ್ದು; ಅಂಕಿಯು ಅದರ ಲಂಗರು, ಹಗ್ಗ ಮೊದಲಾದ ಸಲಕರಣೆಗಳನ್ನು ಕುರಿತದ್ದು. ಒಡಲು ಉತ್ತಮವಾಗಿದ್ದು ಲಂಗರಿನ ಹಗ್ಗ ಸವೆದಿದ್ದರೆ ಆ ಹಡಗು ‘ಎ ೨’ ಆಗುತ್ತಿದ್ದಿತು. ಎರಡೂ ಚೆನ್ನಾಗಿದ್ದರೆ ಮಾತ್ರ ‘ಎ ೧’.

ಇಂತಹ ಸಂಕೇತಗಳಿಂದ ತುಂಬಿದ ಹಳೆಯ ಪಟ್ಟಿಕೆಗಳೂ ಪರೀಕ್ಷಕರ ವರದಿಗಳೂ ಇಂದು ಸಾವಿರಗಟ್ಟಲೆ ಉಳಿದಿವೆ. ಮುಳುಗಿಹೋದ ಒಂದು ಹಡಗಿನ ಕಥೆಯನ್ನು ಕೆದಕುವವನಿಗೂ, ಹಳೆಯ ಕಡಲ ವ್ಯಾಪಾರದ ಚರಿತ್ರೆಯನ್ನು ಬರೆಯುವವನಿಗೂ ಅವೇ ಆಧಾರ. ಆದರೆ ಅವುಗಳನ್ನು ಓದುವುದರಲ್ಲಿ ಒಂದು ತೊಡಕುಂಟು. ಅದರಲ್ಲಿನ ಒಂದೊಂದು ಪದವೂ ಒಬ್ಬಾನೊಬ್ಬನ ಪ್ರಶ್ನೆಗೆ ಕೊಟ್ಟ ಉತ್ತರ. ಯಾರ ಪ್ರಶ್ನೆ, ಯಾವ ಇಸವಿಯ ಪ್ರಶ್ನೆ ಎಂಬುದನ್ನು ತಿಳಿಯದೆ ಉತ್ತರವನ್ನಷ್ಟೇ ಓದಿದರೆ ಅರ್ಥ ಕೈಗೆ ಸಿಕ್ಕದು. ಎಷ್ಟೋ ವೇಳೆ ತಲೆಕೆಳಗಾದ ಅರ್ಥವೇ ಸಿಕ್ಕೀತು.

ಮೊದಲ ಪ್ರಶ್ನೆಯನ್ನು ಕೇಳಿದವನು ವಿಮೆಗಾರ. ಹದಿನೇಳನೆಯ ಶತಮಾನದ ಕೊನೆಯಲ್ಲಿ ಲಂಡನ್ ನಗರದಲ್ಲಿ ಎಡ್ವರ್ಡ್ ಲಾಯ್ಡ್ ಎಂಬವನದೊಂದು ಕಾಫಿ ಅಂಗಡಿಯಿದ್ದಿತು. ಹಡಗಿನ ಒಡೆಯರು, ಕಪ್ತಾನರು, ವರ್ತಕರು, ವಿಮೆಗೆ ಹಣ ಹೂಡುವವರು, ಎಲ್ಲರೂ ಸೇರುತ್ತಿದ್ದುದು ಅಲ್ಲಿಯೇ. ಹಡಗಿನ ಅಪಾಯದಲ್ಲಿ ಪಾಲು ಹೊರಲು ಒಪ್ಪಿದವನು ಕರಾರುಪತ್ರದ ಅಡಿಯಲ್ಲಿ ತನ್ನ ಹೆಸರು ಬರೆಯುತ್ತಿದ್ದನು. ‘ಅಂಡರ್‌ರೈಟರ್’, ಎಂದರೆ ಅಡಿಯಲ್ಲಿ ಬರೆಯುವವನು, ಎಂಬ ಹೆಸರು ಬಂದುದು ಅದರಿಂದ. ಹಡಗು ಎಲ್ಲಿಯೋ ಬಂದರಿನಲ್ಲಿ, ಇವನು ಕಾಫಿ ಅಂಗಡಿಯಲ್ಲಿ. ಕಣ್ಣಾರೆ ಕಾಣದ ವಸ್ತುವಿನ ಮೇಲೆ ಹಣ ಹೂಡುವುದು ಹೇಗೆ? ಈ ಕಷ್ಟವನ್ನು ಕಳೆಯಲು ಆ ಅಂಗಡಿಯ ಗಿರಾಕಿಗಳು ೧೭೬೦ರಲ್ಲಿ ಒಂದು ಸಂಘವನ್ನು ಕಟ್ಟಿಕೊಂಡು, ಅನುಭವಸ್ಥರಿಂದ ಹಡಗುಗಳನ್ನು ಪರೀಕ್ಷೆ ಮಾಡಿಸಿ, ಪಟ್ಟಿಕೆಯೊಂದನ್ನು ಅಚ್ಚು ಹಾಕಿಸತೊಡಗಿದರು. ಇದೇ ‘ಲಾಯ್ಡ್ಸ್ ರಿಜಿಸ್ಟರ್’. ವಿಮೆಯ ಮಾರುಕಟ್ಟೆಯಾದ ‘ಲಾಯ್ಡ್ಸ್’ ಬೇರೆಯ ಸಂಸ್ಥೆ. ಎರಡಕ್ಕೂ ಸಮಾನವಾದುದು ಆ ಕಾಫಿ ಅಂಗಡಿಯ ಹೆಸರು ಮಾತ್ರ.

ಈಗ ಉಳಿದಿರುವ ಪಟ್ಟಿಕೆಗಳಲ್ಲಿ ಅತ್ಯಂತ ಹಳೆಯದು ೧೭೬೪ರಿಂದ ೧೭೬೬ರವರೆಗಿನದು. ಅದರಲ್ಲಿ ಒಡಲಿನ ಸ್ಥಿತಿಗೆ ಇಂಗ್ಲಿಷಿನ ಐದು ಸ್ವರಾಕ್ಷರಗಳು: ಎ, ಇ, ಐ, ಓ, ಯು. ‘ಎ’ ಉತ್ತಮೋತ್ತಮ, ‘ಯು’ ಕಡೆಯದು. ಸಲಕರಣೆಗೆ ‘ಜಿ’, ‘ಎಂ’, ‘ಬಿ’, ಎಂದರೆ ಒಳ್ಳೆಯದು, ಮಧ್ಯಮ, ಕೆಟ್ಟದ್ದು. ಕೆಲಕಾಲದ ಮೇಲೆ ಈ ಮೂರು ಅಕ್ಷರಗಳ ಸ್ಥಾನಕ್ಕೆ ಅಂಕಿಗಳು ಬಂದವು. ೧೭೭೫-೭೬ರ ಪಟ್ಟಿಕೆಯಲ್ಲಿ ನಮ್ಮ ಪೇಟೆಯ ‘ಎ ೧’ ಮೊದಲಬಾರಿಗೆ ಕಾಣಿಸಿಕೊಂಡಿತು.

ಇಲ್ಲಿಯವರೆಗೆ ಎಲ್ಲವೂ ಸರಳ. ತೊಡಕು ತೋರುವುದು ೧೭೯೭-೯೮ರಲ್ಲಿ. ಆಗ ಸಂಘದವರು, ಹಡಗಿನ ನಿಜವಾದ ಸ್ಥಿತಿಗಿಂತಲೂ ಅದು ಹುಟ್ಟಿದ ಊರಿಗೂ ಅದರ ವಯಸ್ಸಿಗೂ ಹೆಚ್ಚು ಬೆಲೆ ಕೊಡುವ ಕ್ರಮವನ್ನು ಹಿಡಿದರು. ಥೇಮ್ಸ್ ನದಿಯ ದಂಡೆಯಲ್ಲಿ ಕಟ್ಟಿದ ಹಡಗಿಗೆ ‘ಎ’ ಪದವಿ ಹೆಚ್ಚು ವರ್ಷ. ಇತರ ಊರುಗಳಲ್ಲಿ ಕಟ್ಟಿದವುಗಳಿಗೆ ಕಡಿಮೆ. ಜಾತಕ ನೋಡಿ ಆಳಿನ ಮೈಕಟ್ಟನ್ನು ಹೇಳಿದಂತಾಯಿತು ಇದು. ಸಿಟ್ಟಿಗೆದ್ದ ಹಡಗಿನ ಒಡೆಯರು ೧೭೯೯ರಲ್ಲಿ ತಮ್ಮದೇ ಮತ್ತೊಂದು ಪಟ್ಟಿಕೆಯನ್ನು ಹೊರಡಿಸಿದರು. ವಿಮೆಗಾರರದು ‘ಹಸುರು ಪುಸ್ತಕ’, ಒಡೆಯರದು ‘ಕೆಂಪು ಪುಸ್ತಕ’. ಎರಡೂ ಮೂವತ್ತೈದು ವರ್ಷ ಪೈಪೋಟಿ ನಡೆಸಿ, ಎರಡೂ ಬಡವಾಗಿ, ಕೊನೆಗೆ ೧೮೩೪ರಲ್ಲಿ ಒಂದುಗೂಡಿದವು. ಆದುದರಿಂದ ಈ ನಡುವಣ ಕಾಲದ ಹಡಗೊಂದರ ದರ್ಜೆಯನ್ನು ಉದ್ಧರಿಸುವವನು ಅದು ಯಾವ ಬಣ್ಣದ ಪುಸ್ತಕದ ದರ್ಜೆಯೆಂಬುದನ್ನೂ ಹೇಳಬೇಕಾಗುತ್ತದೆ.

೧೮೩೪ರ ಹೊಸ ನಿಯಮಗಳಲ್ಲಿ ಅಕ್ಷರಗಳು ಹಳೆಯವೇ ಆದರೂ ಅರ್ಥ ಹೊಸದು. ಹಡಗನ್ನು ಕಟ್ಟಿದ ಮರವಾವುದು, ಕೆಲಸ ಹೇಗಿದೆ ಎಂಬುದನ್ನು ನೋಡಿ, ಇಂತಿಷ್ಟು ವರ್ಷ ‘ಎ’ ಎಂದು ಮೊದಲೇ ಗೊತ್ತುಮಾಡುತ್ತಿದ್ದರು. ಆ ಅವಧಿ ತೀರಿದ ಹಡಗು, ಕೆಡುವ ಸರಕನ್ನು ಸಮೀಪದ ಯಾತ್ರೆಗಳಲ್ಲಿ ಇನ್ನೂ ಒಯ್ಯಬಲ್ಲುದಾದರೆ, ಅದಕ್ಕೆ ‘ಎ’ ಮತ್ತು ‘ಇ’ಗಳನ್ನು ಹೆಣೆದ ಜೋಡಕ್ಷರ. ನೀರು ತಗಲಿದರೆ ಕೆಡದಂತಹ ಸರಕನ್ನು ಮಾತ್ರ ಒಯ್ಯಲು ಯೋಗ್ಯವಾದುದಕ್ಕೆ ‘ಇ’. ಅಂತಹ ಸರಕನ್ನೂ ಹತ್ತಿರದ ಬಂದರುಗಳ ನಡುವೆ ಮಾತ್ರ ಒಯ್ಯತಕ್ಕದ್ದಕ್ಕೆ ‘ಐ’.

ಈ ಸಾಲುಗಳನ್ನು ಎರಡನೆಯ ಸಲ ಓದಿದರೆ ಒಂದು ವಿಷಯ ಮನಸ್ಸಿಗೆ ನಾಟದೆ ಇರದು. ಇವೆಲ್ಲವೂ ಸರಕನ್ನು ಕುರಿತ ಮಾತುಗಳು. ಚಹ ನೆನೆಯುವುದೇ, ಸಕ್ಕರೆ ಕರಗುವುದೇ ಎಂಬುದು ಇಲ್ಲಿನ ಪ್ರಶ್ನೆ. ಕಲ್ಲಿದ್ದಲಿಗೆ ನೀರು ತಗಲಿದರೆ ನಷ್ಟವಿಲ್ಲ; ಆದುದರಿಂದ ಸೋರುವ ಮುದಿಹಡಗು ಕಲ್ಲಿದ್ದಲಿಗೆ ಸಾಕು. ಆ ಕಲ್ಲಿದ್ದಲಿನ ಜೊತೆಯಲ್ಲಿ ಹಗಲಿರುಳೂ ಪಂಪು ಒತ್ತುತ್ತ ಹೋಗುವ ನಾವಿಕರ ವಿಷಯವನ್ನು ಹೇಳುವ ಅಕ್ಷರ ಪಟ್ಟಿಕೆಯಲ್ಲಿರಲಿಲ್ಲ. ಅದನ್ನು ಸಂಘದವರ ಕ್ರೌರ್ಯವೆನ್ನಲಾಗದು. ಪ್ರಶ್ನೆ ಕೇಳಿದವನು ಸರಕಿಗೆ ವಿಮೆ ಕೊಡುವವನಾಗಿದ್ದನು, ಅಷ್ಟೆ. ಆದರೆ ‘ಇ’ ಎಂಬುದನ್ನು ‘ಎರಡನೆಯ ದರ್ಜೆಯ ಸುರಕ್ಷಿತ ಹಡಗು’ ಎಂದು ಇಂದಿನವನೊಬ್ಬನು ಓದಿಕೊಂಡರೆ ಮಾತ್ರ ತಪ್ಪಾಗುತ್ತದೆ.

ಮರದ ವಿಚಾರ ಬಂದಿತು. ಪಟ್ಟಿಕೆಯ ಮರಗಳ ಸಾಲಿನಲ್ಲಿ ಇಂಗ್ಲೆಂಡಿನ ಓಕ್ ಮರದ ಸಮಕ್ಕೆ, ಅತ್ಯುಚ್ಚ ವರ್ಗದಲ್ಲಿ, ನಮ್ಮ ತೇಗ ನಿಂತಿತು. ಓಕ್ ಮರದಲ್ಲಿ ಟ್ಯಾನಿನ್ ಎಂಬ ಒಗರು ದ್ರವ್ಯ ವಿಶೇಷ. ಅದು ಕಬ್ಬಿಣದ ಮೊಳೆಗಳನ್ನು ತಿನ್ನುತ್ತದೆ. ತೇಗದಲ್ಲಿರುವುದು ಎಣ್ಣೆಯ ಅಂಶ; ಅದು ಕಬ್ಬಿಣವನ್ನು ಕಾಪಾಡುತ್ತದೆ, ಮರವನ್ನೂ ಬೇಗ ಕೊಳೆಯಗೊಡದು. ಮಲಬಾರು ಮತ್ತು ಕೆನರಾ ಕರಾವಳಿಯ ಕಾಡುಗಳಿಂದ ಕಡಲದಾರಿಯಲ್ಲಿ ಮುಂಬಯಿಗೆ ಹೋದ ತೇಗದಿಂದ ಅಲ್ಲಿನ ಪಾರ್ಸಿ ವಾಡಿಯಾ ಮನೆತನದವರು ಹಡಗುಗಳನ್ನು ಕಟ್ಟುತ್ತಿದ್ದರು. ೧೮೧೭ರಲ್ಲಿ ಮುಂಬಯಿಯಲ್ಲಿ ನೀರಿಗಿಳಿದ ‘ಟ್ರಿಂಕೋಮಲಿ’ ಎಂಬ ತೇಗದ ಯುದ್ಧನೌಕೆ ಇಂಗ್ಲೆಂಡಿನ ಹಾರ್ಟ್‌ಲ್‌ಪೂಲ್ ಬಂದರಿನಲ್ಲಿ ಇಂದಿಗೂ ತೇಲುತ್ತಿದೆ. ನೌಕಾಬಲದ ಹಡಗಾದುದರಿಂದ ಅದು ಲಾಯ್ಡ್ಸ್ ಪಟ್ಟಿಕೆಗೆ ಸೇರಿದುದಲ್ಲ. ಆದರೂ ತೇಗಕ್ಕೆ ಪರೀಕ್ಷಕರು ಕೊಟ್ಟ ಪದವಿಗೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಹಡಗಿನ ಹೆಸರಿನ ಕೆಳಗೆ ಚಿಕ್ಕ ಅಕ್ಷರಗಳಲ್ಲಿ ಇನ್ನೂ ಕೆಲವು ಸಂಕೇತಗಳು ಅಡಗಿರುತ್ತವೆ: ‘ಐ.ಬಿ.’ ಎಂದರೆ ಕಬ್ಬಿಣದ ಬೋಲ್ಟುಗಳು, ‘ಸಿ.ಎಫ್.’ ಎಂದರೆ ತಾಮ್ರದ ಬೋಲ್ಟುಗಳಿಂದ ಬಿಗಿದದ್ದು, ‘ವೈ.ಎಂ.’ ಎಂದರೆ ಹಳದಿ ಲೋಹದ ಹೊದಿಕೆ. ಇವುಗಳ ಪಕ್ಕದಲ್ಲಿ ‘೬೬’ ಎಂಬಂತಹ ಎರಡಂಕಿಯಿದ್ದರೆ ಅದು ಹೊದಿಕೆ ಹಾಕಿದ ಇಸವಿ. ಸಾಮಾನ್ಯ ಓದುಗನು ಇವನ್ನು ದಾಟಿಹೋಗುವುದೇ ಹೆಚ್ಚು. ಭೌತವಿಜ್ಞಾನದ ವಿದ್ಯಾರ್ಥಿಯು ಮಾತ್ರ ಇಲ್ಲಿ ತಡೆದು ನಿಲ್ಲಬೇಕು. ಏಕೆಂದರೆ ಹಡಗಿನ ಆಯುಸ್ಸು ಎಷ್ಟೋ ವೇಳೆ ಈ ಎರಡಕ್ಷರಗಳಲ್ಲಿಯೇ ಅಡಗಿರುತ್ತದೆ.

ಬಿಸಿಸೀಮೆಯ ಕಡಲುಗಳಲ್ಲಿ ಮರವನ್ನು ಕೊರೆಯುವ ಹುಳುಗಳಿವೆ. ಒಡಲಿಗೆ ಅಂಟಿ ಬೆಳೆದು ಹಡಗಿನ ಓಟವನ್ನು ಕುಗ್ಗಿಸುವ ಪಾಚಿಯೂ ಬಾರ್ನಕಲ್ ಎಂಬ ಚಿಪ್ಪುಜೀವಿಗಳೂ ಇವೆ. ಇವೆರಡನ್ನೂ ತಡೆಯಲು ಬ್ರಿಟಿಷ್ ನೌಕಾಬಲದವರು ೧೭೬೧ರಲ್ಲಿ ‘ಅಲಾರ್ಮ್’ ಎಂಬ ಹಡಗಿನ ತಳಕ್ಕೆ ತಾಮ್ರದ ತಗಡನ್ನು ಹೊದಿಸಿ ನೋಡಿದರು. ಎರಡು ವರ್ಷದ ಮೇಲೆ ಪರೀಕ್ಷಿಸಿದಾಗ ತಗಡು ಚೆನ್ನಾಗಿಯೇ ಇದ್ದಿತು, ಹುಳುಗಳ ಕಾಟವೂ ಇರಲಿಲ್ಲ. ಆದರೆ ತಗಡನ್ನು ಹಿಡಿದಿದ್ದ ಕಬ್ಬಿಣದ ಮೊಳೆಗಳಲ್ಲಿ ಅನೇಕವು ತಿಂದುಹೋಗಿದ್ದವು. ಉಳಿದಿದ್ದವು ಎಲ್ಲಿ? ತಗಡನ್ನು ಸುತ್ತಿ ತಂದಿದ್ದ ಕಂದು ಕಾಗದದ ಚೂರು ಮೊಳೆಗೂ ತಾಮ್ರಕ್ಕೂ ನಡುವೆ ಸಿಕ್ಕಿಕೊಂಡಿದ್ದ ಕಡೆಗಳಲ್ಲಿ. ವೋಲ್ಟನು ತನ್ನ ವಿದ್ಯುತ್ಕೋಶವನ್ನು ಕಟ್ಟಿದುದು ೧೮೦೦ರಲ್ಲಿ. ಅದಕ್ಕೆ ಮೂವತ್ತೇಳು ವರ್ಷ ಮೊದಲೇ ಹಡಗಿನ ಬಡಗಿಗಳು ಅದೇ ಕ್ರಿಯೆಯನ್ನು ಹಡಗಿನ ತಳದಲ್ಲಿ ಕಂಡಿದ್ದರು. ತಾಮ್ರ, ಕಬ್ಬಿಣ, ನಡುವೆ ಉಪ್ಪುನೀರು: ಇಷ್ಟಾದರೆ ವಿದ್ಯುತ್ಕೋಶವೊಂದು ಸಿದ್ಧವಾದಂತೆಯೇ, ಅದರಲ್ಲಿ ಕರಗುವ ಲೋಹ ಕಬ್ಬಿಣ. ಆದುದರಿಂದ ತಾಮ್ರದ ಹೊದಿಕೆಯಿರುವ ಹಡಗಿನ ಹೆಸರಿನ ಕೆಳಗೆ ‘ಐ.ಬಿ.’ ಎಂದು ಕಂಡರೆ ವಿಮೆಗಾರನು ಹುಬ್ಬುಗಂಟಿಕ್ಕುತ್ತಿದ್ದುದು ಸಹಜ. ಹಲಗೆಗಳನ್ನು ಹಿಡಿದಿದ್ದ ಬೋಲ್ಟುಗಳೇ ಕಣ್ಣಿಗೆ ಕಾಣದ ಕಡೆ ಕರಗುತ್ತಿದ್ದರೆ ಹೊರಗಿನ ಮಿರುಗನ್ನು ಕಟ್ಟಿಕೊಂಡು ಆಗಬೇಕಾದುದೇನು? ‘ಸಿ.ಎಫ್.’ ಎಂಬುದು ಆ ಸಂದೇಹಕ್ಕೆ ಕೊಟ್ಟ ಉತ್ತರ.

ತಾಮ್ರವೂ ನಿಧಾನವಾಗಿ ಕರಗುತ್ತಿದ್ದಿತು. ಹಂಫ್ರಿ ಡೇವಿಯವರು ೧೮೨೪ರಲ್ಲಿ, ತಾಮ್ರಕ್ಕೆ ಕಬ್ಬಿಣದ ಅಥವಾ ಸತುವಿನ ತುಂಡುಗಳನ್ನು ತಗಲಿಸಿದರೆ ಆ ತುಂಡುಗಳು ಕರಗಿ ತಾಮ್ರ ಉಳಿಯುವುದೆಂದು ತೋರಿಸಿದರು. ತಾಮ್ರವೇನೋ ಉಳಿಯಿತು, ಆದರೆ ಪಾಚಿ ಚಿಪ್ಪುಗಳು ಮತ್ತೆ ಮುತ್ತಿಕೊಂಡವು. ಕರಗಿದ ತಾಮ್ರದ ವಿಷವೇ ಆ ಜೀವಿಗಳನ್ನು ದೂರವಿಟ್ಟಿದ್ದಿತು ಎಂಬುದು ಆಗ ಸ್ಪಷ್ಟವಾಯಿತು! ೧೮೩೨ರಲ್ಲಿ ಬರ್ಮಿಂಗ್‌ಹ್ಯಾಮಿನ ಮಂಟ್ಸ್ ಎಂಬವರು ಪೇಟೆಂಟು ಪಡೆದ ಹಳದಿ ಲೋಹವು ಸುಮಾರು ೬೦ ಪಾಲು ತಾಮ್ರ, ೪೦ ಪಾಲು ಸತು ಸೇರಿದ ಹಿತ್ತಾಳೆ. ಬೆಲೆ ಕಡಿಮೆ, ಪಾಚಿಯನ್ನು ತಡೆಯುವಷ್ಟು ಕರಗುವಿಕೆಯೂ ಉಂಟು. ಹೊದಿಕೆಯ ಇಸವಿಯನ್ನು ಪಟ್ಟಿಕೆಯಲ್ಲಿ ಅಚ್ಚಿಸುತ್ತಿದ್ದುದೇಕೆಂಬುದು ಇದರಿಂದ ತಿಳಿಯುತ್ತದೆ. ಕರಗುವ ವಸ್ತುವಿಗೆ ಆಯುಸ್ಸುಂಟು.

ಇನ್ನು ‘ಟನ್ನು’. ಹಡಗಿನ ಪರಿಭಾಷೆಯಲ್ಲಿ ಇಷ್ಟು ಜನರನ್ನು ದಾರಿತಪ್ಪಿಸಿದ ಪದ ಮತ್ತೊಂದಿಲ್ಲ. ‘ಟೈಟಾನಿಕ್ ಹಡಗಿನ ತೂಕ ೪೬,೦೦೦ ಟನ್ನು’ ಎಂದು ಪತ್ರಿಕೆಗಳಲ್ಲಿ ಓದಿದವರು ಎಷ್ಟೋ ಮಂದಿ. ಅದು ತೂಕವೇ ಅಲ್ಲ. ಮಧ್ಯಯುಗದಲ್ಲಿ ದ್ರಾಕ್ಷಾರಸದ ದೊಡ್ಡ ಪೀಪಾಯಿಗೆ ‘ಟನ್’ ಎಂದು ಹೆಸರು. ಹಡಗಿನಲ್ಲಿ ಎಷ್ಟು ಪೀಪಾಯಿ ಹಿಡಿಸುವುದೋ ಅಷ್ಟು ಟನ್ನಿನ ಹಡಗು ಅದು. ಬಂದರಿನ ಸುಂಕವೂ ಅದರ ಮೇಲೆಯೇ. ಎಂದರೆ ಈ ಪದದ ಹಿಂದೆ ನಿಂತು ಪ್ರಶ್ನೆ ಕೇಳುತ್ತಿರುವವನು ಸುಂಕದವನು.

ಸುಂಕದವನಿಗೆ ಬೇಕಾದುದು ಸುಲಭದ ಲೆಕ್ಕ. ಸರಕು ತುಂಬಿದ ಹಡಗಿನ ಆಳವನ್ನು ಅಳೆಯುವುದು ಕಷ್ಟ. ಆದುದರಿಂದ ೧೭೭೩ರ ಬ್ರಿಟಿಷ್ ಶಾಸನವು ಆಳವೆಂಬುದು ಅಗಲದ ಅರ್ಧವೆಂದು ಭಾವಿಸಿಕೊಂಡಿತು. ಉದ್ದದಲ್ಲಿ ಅಗಲದ ಐದನೆಯ ಮೂರು ಪಾಲನ್ನು ಕಳೆದು, ಉಳಿದುದನ್ನು ಅಗಲದಿಂದಲೂ ಮತ್ತೆ ಅಗಲದ ಅರ್ಧದಿಂದಲೂ ಗುಣಿಸಿ, ೯೪ರಿಂದ ಭಾಗಿಸತಕ್ಕದ್ದು, ಅಳತೆಗಳೆಲ್ಲವೂ ಅಡಿಗಳಲ್ಲಿ. ಹಳೆಯ ದಾಖಲೆಗಳಲ್ಲಿ ‘ಓ.ಎಂ.’, ಹಳೆಯ ಅಳತೆ, ಎಂದು ಸೂಚಿಸುವುದು ಇದನ್ನೇ. ಲೆಕ್ಕದಲ್ಲಿ ಆಳಕ್ಕೆ ಸ್ಥಾನವೇ ಇಲ್ಲವೆಂದ ಮೇಲೆ ಒಡೆಯರು ಸುಮ್ಮನಿರುವರೇ? ಅಗಲವನ್ನು ಕುಗ್ಗಿಸಿ ಆಳವನ್ನು ಹೆಚ್ಚಿಸಿ ಹಡಗುಗಳನ್ನು ಕಟ್ಟಿಸಿದರು. ಸುಂಕ ಇಳಿಯಿತು, ಸರಕು ಏರಿತು. ಹಡಗು ಮಾತ್ರ ಗಾಳಿಗೆ ಬೇಗ ವಾಲತೊಡಗಿತು. ಇಕ್ಕಟ್ಟಾದ ಆಳದ ಹಡಗಿನ ಸ್ಥಿರತೆ ಕಡಿಮೆಯೆಂಬುದು ತೇಲುವ ವಸ್ತುಗಳ ನಿಯಮವನ್ನು ಓದಿದ ಎಲ್ಲರಿಗೂ ಗೊತ್ತು. ಲೆಕ್ಕದ ಸೂತ್ರವೊಂದು ಹಡಗುಗಳ ಆಕಾರವನ್ನೇ ಕೆಡಿಸಿದ ಉದಾಹರಣೆ ಇದು.

೧೮೩೬ರಿಂದ ‘ಎನ್.ಎಂ.’, ಹೊಸ ಅಳತೆ, ಬಂದಿತಾದರೂ ಅದು ಬಹುಕಾಲ ನಿಲ್ಲಲಿಲ್ಲ. ಆ ಕಾಲದ ಹಡಗುಗಳಿಗೆ ಎರಡೆರಡು ಟನ್ನು ಬರೆದಿರುವುದನ್ನು ಕಂಡು ಗಾಬರಿಯಾಗಬೇಕಾಗಿಲ್ಲ. ಸರಿಯಾದ ದಾರಿಯನ್ನು ತೋರಿಸಿದವರು ಮೂರ್ಸಮ್ ಎಂಬವರು. ೧೮೫೪ರ ಶಾಸನದಂತೆ ಹಡಗಿನ ಒಳಗಿನ ಜಾಗವನ್ನು ನಿಜವಾಗಿಯೂ ಅಳೆದು, ೧೦೦ ಘನ ಅಡಿಗೆ ಒಂದು ಟನ್ನು ಎಂದು ಗೊತ್ತುಮಾಡಿದರು. ಮುಚ್ಚಿದ ಜಾಗವೆಲ್ಲವೂ ಸೇರಿದರೆ ‘ಗ್ರಾಸ್’. ಯಂತ್ರ, ನಾವಿಕರ ಕೋಣೆ ಮೊದಲಾದವನ್ನು ಕಳೆದರೆ ‘ನೆಟ್’.

೧೮೬೯ರಲ್ಲಿ ನೀರಿಗಿಳಿದ ‘ಕಟಿ ಸಾರ್ಕ್’ ಎಂಬ ಪ್ರಸಿದ್ಧ ಚಹದ ಹಡಗನ್ನು ತೆಗೆದುಕೊಳ್ಳೋಣ. ದಾಖಲೆಯಂತೆ ಉದ್ದ ೨೧೨.೫ ಅಡಿ, ಅಗಲ ೩೬ ಅಡಿ, ಆಳ ೨೧ ಅಡಿ; ಗ್ರಾಸ್ ೯೬೩ ಟನ್ನು, ನೆಟ್ ೯೨೧ ಟನ್ನು. ಈ ಮೂರು ಅಳತೆಗಳ ಪೆಟ್ಟಿಗೆಯೊಂದನ್ನು ಮಾಡಿದರೆ ಅದರ ಗಾತ್ರ ೧,೬೦,೬೫೦ ಘನ ಅಡಿ. ೯೬೩ ಟನ್ನೆಂದರೆ ೯೬,೩೦೦ ಘನ ಅಡಿ. ಪೆಟ್ಟಿಗೆಯ ನೂರಕ್ಕೆ ಅರವತ್ತು ಪಾಲನ್ನು ಮಾತ್ರ ಹಡಗು ತುಂಬಿದೆ. ಉಳಿದ ನಲವತ್ತು ಪಾಲನ್ನು ಬಡಗಿಯು ಕೆತ್ತಿ ಎಸೆದಂತಾಯಿತು. ಮುಂಭಾಗವೂ ಹಿಂಭಾಗವೂ ಎಷ್ಟು ಚೂಪಾಗಿದ್ದುವೆಂಬುದನ್ನು, ಆ ಹಡಗಿನ ಚಿತ್ರವನ್ನೇ ನೋಡದವನೂ ಈ ಅಂಕಿಗಳಿಂದ ಹೇಳಬಲ್ಲನು. ಇದೇ ಅಳತೆಗಳನ್ನು ೧೭೭೩ರ ಸೂತ್ರಕ್ಕೆ ಹಾಕಿದರೆ ಬರುವುದು ಸುಮಾರು ೧,೩೧೬ ಟನ್ನು. ಹಡಗು ಒಂದೇ, ಟನ್ನು ಎರಡು. ಟನ್ನೆಂಬುದು ಬರಿಯ ಕಾಗದದ ಮಾತೆಂದು ಭಾವಿಸಬಾರದು. ಆ ಹಡಗನ್ನು ಟನ್ನಿಗೆ ೧೭ ಪೌಂಡಿನಂತೆ, ೯೫೦ ಟನ್ನು ಮೀರದ ಲೆಕ್ಕದಲ್ಲಿ, ಹೆಚ್ಚೆಂದರೆ ೧೬,೧೫೦ ಪೌಂಡಿಗೆ ಕಟ್ಟಿಕೊಡಲು ಸ್ಕಾಟ್ ಮತ್ತು ಲಿಂಟನ್ ಎಂಬ ಕಂಪನಿಯವರು ಒಪ್ಪಿದ್ದರು. ಕೆಲಸ ಮುಗಿಯುವ ಮೊದಲೇ ಅವರು ದಿವಾಳಿಯೆದ್ದರು. ಹಡಗನ್ನು ಪೂರೈಸಿದವರು ಬೇರೆಯವರು.

ಟೈಟಾನಿಕ್ಕಿನ ೪೬,೩೨೮ ಟನ್ನು ಹೀಗೆಯೇ ಗ್ರಾಸ್ ಗಾತ್ರ. ಅದರ ನಿಜವಾದ ತೂಕವನ್ನು ಹೇಳುವುದು ‘ಡಿಸ್‌ಪ್ಲೇಸ್‌ಮೆಂಟ್’, ಎಂದರೆ ಹಡಗು ಪಕ್ಕಕ್ಕೆ ಸರಿಸಿದ ನೀರಿನ ತೂಕ: ೫೨,೩೧೦ ಟನ್ನು. ಇಲ್ಲಿನ ಟನ್ನು ೨,೨೪೦ ಪೌಂಡಿನ ತೂಕ. ೩೫ ಘನ ಅಡಿ ಕಡಲನೀರು ಅಷ್ಟು ತೂಗುತ್ತದೆ. ಆರ್ಕಿಮಿಡೀಸನ ತತ್ತ್ವ ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಈ ಎರಡು ಬಗೆಯ ಟನ್ನುಗಳನ್ನು ಒಂದಕ್ಕೊಂದು ಹೋಲಿಸುವುದು ಮನೆಯ ವಿಸ್ತಾರವನ್ನು ಅದರ ಇಟ್ಟಿಗೆಗಳ ತೂಕದೊಡನೆ ಹೋಲಿಸಿದಂತೆ. ೧೯೬೯ರ ಅಂತರರಾಷ್ಟ್ರೀಯ ಒಪ್ಪಂದವು ೧೯೮೨ರಲ್ಲಿ ಜಾರಿಗೆ ಬಂದ ಮೇಲೆ ಗ್ರಾಸ್ ಎಂಬುದಕ್ಕೂ ಬೇರೆಯ ಸೂತ್ರ ಬಂದಿದೆ. ಆದುದರಿಂದ ಇಂದಿನ ಹಡಗಿನ ಸಂಖ್ಯೆಯನ್ನು ಹಳೆಯದರೊಡನೆ ಇಟ್ಟು ನೋಡುವಾಗಲೂ ಎಚ್ಚರ ಬೇಕು.

ಕಬ್ಬಿಣದ ಹಡಗುಗಳ ಕಾಲ ಬಂದಾಗ ಮರದ ಲೆಕ್ಕದ ವರ್ಷಗಳು ಹೊಂದದೆ ಹೋದವು. ೧೮೭೦ರಿಂದ ‘೧೦೦ ಎ ೧’ ಎಂಬ ದರ್ಜೆ ಬಂದಿತು. ಈ ನೂರು ವರ್ಷಗಳ ಸಂಖ್ಯೆಯಲ್ಲ. ತಗಡುಗಳ ದಪ್ಪವೂ ಒಡಲಿನ ಚೌಕಟ್ಟೂ ಪೂರ್ಣಪ್ರಮಾಣದಲ್ಲಿವೆಯೆಂಬ ಸೂಚನೆ. ಅದಕ್ಕಿಂತ ಹಗುರವಾದವುಗಳಿಗೆ ೯೦, ೮೦. ದರ್ಜೆಯ ಹಿಂದೆ ಶಿಲುಬೆಯಂತಹ ಗುರುತೊಂದಿದ್ದರೆ, ಹಡಗನ್ನು ಕಟ್ಟುತ್ತಿದ್ದಾಗಲೇ ಪರೀಕ್ಷಕನು ಮೇಲ್ವಿಚಾರಣೆ ಮಾಡಿದ್ದನೆಂದು ಅರ್ಥ. ಇದು ೧೮೫೩ರಿಂದ ಬಂದ ಪದ್ಧತಿ.

ನಾವಿಕನ ಪ್ರಶ್ನೆಯನ್ನು ಕೇಳುವವರು ಕೊನೆಗೂ ಒಬ್ಬರು ಬಂದರು. ಡರ್ಬಿ ಕ್ಷೇತ್ರದ ಪಾರ್ಲಿಮೆಂಟು ಸದಸ್ಯರಾದ ಸ್ಯಾಮ್ಯುಅಲ್ ಪ್ಲಿಮ್‌ಸಾಲ್. ಮಿತಿಮೀರಿ ಸರಕು ಹೇರಿ, ಚೆನ್ನಾಗಿ ವಿಮೆ ಮಾಡಿಸಿ, ಮುಳುಗಿದರೂ ನಷ್ಟವಿಲ್ಲವೆಂದು ಹಡಗುಗಳನ್ನು ಕಳುಹಿಸುತ್ತಿದ್ದ ಒಡೆಯರ ವಿರುದ್ಧ ಅವರು ಹೋರಾಡಿದರು. ೧೮೭೬ರ ಶಾಸನದಂತೆ ಪ್ರತಿಯೊಂದು ಹಡಗಿನ ಮಗ್ಗುಲಲ್ಲಿಯೂ ಒಂದು ವೃತ್ತ, ಅದರ ನಡುವೆ ಅಡ್ಡಗೆರೆ ಇರಬೇಕಾಯಿತು. ನೀರು ಆ ಗೆರೆಯನ್ನು ದಾಟಕೂಡದು. ಆದರೆ ಗೆರೆ ಎಲ್ಲಿರಬೇಕೆಂಬುದನ್ನು ಒಡೆಯನೇ ನಿರ್ಧರಿಸಬಹುದಾಗಿದ್ದಿತು! ಶಾಸನವೇ ಅದರ ಸ್ಥಾನವನ್ನು ಗೊತ್ತುಮಾಡಿದುದು ೧೮೯೦ರಲ್ಲಿ. ಎಂದರೆ ೧೮೭೬ರಿಂದ ೧೮೯೦ರ ನಡುವಣ ದಾಖಲೆಯಲ್ಲಿ ‘ಗೆರೆಗೆ ಸರಿಯಾಗಿ ಸರಕು ತುಂಬಿದ್ದಿತು’ ಎಂದು ಕಂಡರೆ, ಅದರಿಂದ ಹಡಗು ಸುರಕ್ಷಿತವಾಗಿದ್ದಿತೆಂದು ತೀರ್ಮಾನಿಸುವಂತಿಲ್ಲ.

ಈ ವೃತ್ತದ ಪಕ್ಕದಲ್ಲಿ ಏಣಿಯ ಮೆಟ್ಟಿಲುಗಳಂತೆ ಬೇರೆ ಗೆರೆಗಳೂ ಇವೆ. ನವಮಂಗಳೂರು ಬಂದರಿಗೆ ಬರುವ ಯಾವ ದೊಡ್ಡ ಹಡಗಿನಲ್ಲಿಯೂ ಇವನ್ನು ನೋಡಬಹುದು. ‘ಎಫ್.’ ಎಂಬುದು ಸಿಹಿನೀರಿನ ಗೆರೆ. ಕಡಲನೀರು ಸಿಹಿನೀರಿಗಿಂತ ನೂರಕ್ಕೆ ಎರಡೂವರೆ ಪಾಲಿನಷ್ಟು ಹೆಚ್ಚು ಸಾಂದ್ರವಾದುದರಿಂದ ಅದೇ ಹಡಗು ನದಿಯಲ್ಲಿ ಹೆಚ್ಚು ಮುಳುಗುತ್ತದೆ. ನೇತ್ರಾವತಿ, ಗುರುಪುರ ನದಿಗಳು ಕೂಡುವ ಮಂಗಳೂರಿನ ಹಳೆಯ ಬಂದರಿನಲ್ಲಿ ಸರಕು ತುಂಬಿದ ನಾವೆ ಅಳಿವೆಯನ್ನು ದಾಟಿ ಕಡಲಿಗಿಳಿದಾಗ ತುಸು ಮೇಲೇಳುವುದೂ ಇದರಿಂದಲೇ. ‘ಎಸ್.’ ಬೇಸಗೆಯ ಗೆರೆ, ‘ಡಬ್ಲ್ಯು.’ ಚಳಿಗಾಲದ್ದು. ಎಲ್ಲಕ್ಕಿಂತ ಕೆಳಗಿನ ‘ಡಬ್ಲ್ಯು.ಎನ್.ಎ.’ ಚಳಿಗಾಲದ ಉತ್ತರ ಅಟ್ಲಾಂಟಿಕ್ ಸಾಗರದ್ದು. ಅಲ್ಲಿನ ಅಲೆಗಳಿಗೆ ಹೆದರಿ ಹಡಗು ಕಡಿಮೆ ಸರಕು ಹೊರಬೇಕು.

ಇನ್ನು ಹಳೆಯ ಬ್ರಿಟಿಷ್ ದಾಖಲೆಗಳಲ್ಲಿ ‘ಐ.ಎಸ್.’ ಎಂಬ ಗೆರೆಯೂ ಕಾಣುತ್ತದೆ. ಅದು ‘ಇಂಡಿಯನ್ ಸಮ್ಮರ್’, ಭಾರತದ ಬೇಸಗೆ. ಸೂಯೆಜ್‌ನಿಂದ ಸಿಂಗಪುರದವರೆಗಿನ ಕಡಲುಗಳಲ್ಲಿ ಹವೆ ಶಾಂತವಾಗಿರುವ ತಿಂಗಳುಗಳಿಗೆ ಅನ್ವಯಿಸಿದ ಹೆಸರು. ನಮ್ಮ ಕರಾವಳಿಯಲ್ಲಿ ಕಡಲು ಶಾಂತವಾಗುವುದು ಮಳೆಗಾಲ ಕಳೆದ ಮೇಲೆ. ಎಂದರೆ ನಾವು ಚಳಿಗಾಲವೆನ್ನುವ ಮಾರ್ಗಶಿರ, ಪುಷ್ಯಗಳೂ ಆ ‘ಬೇಸಗೆ’ಯೊಳಗೆ ಸೇರಿದ್ದವು. ಈಗ ಆ ಅಕ್ಷರಗಳು ಹೋಗಿ ‘ಟಿ.’, ಉಷ್ಣವಲಯ, ಎಂಬುದು ಬಂದಿದೆ. ಅರಬ್ಬೀ ಸಮುದ್ರದಲ್ಲಿ ಸೆಪ್ಟೆಂಬರ್ ಒಂದರಿಂದ ಮೇ ಮೂವತ್ತೊಂದರವರೆಗೆ ಈ ಗೆರೆ ನಡೆಯುತ್ತದೆ. ಜೂನ್ ಒಂದರಿಂದ ಆಗಸ್ಟ್ ಮುಗಿಯುವವರೆಗೆ, ಮುಂಗಾರಿನ ಅಲೆಗಳು ದಡವನ್ನು ಬಡಿಯುತ್ತಿರುವ ಮೂರು ತಿಂಗಳು, ಹಡಗುಗಳು ತಮ್ಮ ಸರಕನ್ನು ಕಡಿಮೆ ಮಾಡಿಕೊಂಡು ಕೆಳಗಿನ ಗೆರೆಗೆ ಬರಬೇಕು. ಆ ಗೆರೆಯ ಹೆಸರು ‘ಬೇಸಗೆ’.